ಚುನಾಭಟ್ಟಿಯ ಸುಣ್ಣ

ಕುರ್ಲಾ ನಿಲ್ದಾಣದಲ್ಲಿ ಇಳಿಯುವ ನಮ್ಮವರಲ್ಲಿ ಹೆಚ್ಚಿನವರು ಗಾಡಿ ಬದಲಿಸಲು ಇಳಿಯುವವರು. ಮುಖ್ಯ ಮಾರ್ಗವೂ ಹಾರ್ಬರ್ ಮಾರ್ಗವೂ ಇಲ್ಲಿ ಕೂಡುವುದರಿಂದ ಸೇತುವೆಯ ಮೇಲೆ ನಮ್ಮ ಕಾಲಿಗೆ ಕೆಲಸವಿಲ್ಲ; ಜನಪ್ರವಾಹವೇ ಒಯ್ಯುತ್ತದೆ. ಸರಕಾರಿ ಗುಮಾಸ್ತನಾದ ನಾನೂ ಹತ್ತು ವರ್ಷ ಹಾಗೆಯೇ ಹೋಗಿ ಬಂದವನು. ಊರನ್ನು ನಡೆದು ನೋಡಿದ್ದು ಒಂದೇ ಸಂಜೆ.

ಅಂದು ಒಬ್ಬರು ತಮ್ಮ ಕಡತ ಬೇಗ ಮೇಲಕ್ಕೆ ಹೋಗಲೆಂದು ನನ್ನ ಮೇಜಿನ ಮೇಲೆ ಲಕೋಟೆಯೊಂದನ್ನು ಇಟ್ಟು ಹೋಗಿದ್ದರು. ಮಗಳ ಶಾಲೆಯ ಫೀಸು ಕಟ್ಟುವ ತಿಂಗಳು. ಲಕೋಟೆಯನ್ನು ಒಡೆಯಲಿಲ್ಲ, ಹಿಂದಿರುಗಿಸಲೂ ಇಲ್ಲ. ಕಪಾಟಿನಲ್ಲಿಟ್ಟು ಬೀಗ ಹಾಕಿ ಬಂದೆ. ಮನಸ್ಸು ನೆಟ್ಟಗಿರಲಿಲ್ಲ. ಗಾಡಿ ಹತ್ತದೆ ಪೂರ್ವಕ್ಕೆ ಇಳಿದು ಚುನಾಭಟ್ಟಿಯತ್ತ ನಡೆದೆ.

ಅಲ್ಲಿ ಸ್ವದೇಶಿ ಗಿರಣಿಯ ಜಾಗವಿದೆ. 1886ರಲ್ಲಿ ಜಮ್‌ಶೇಟ್‌ಜಿ ಟಾಟಾ ಅವರು ಕುರ್ಲಾದ ಹಳೆಯ ಧರಮ್ಸಿ ಗಿರಣಿಯನ್ನು ಕೊಂಡು ಈ ಹೆಸರಿಟ್ಟರು. ಸವೆದ ಯಂತ್ರಗಳೊಡನೆ ವರ್ಷಗಟ್ಟಲೆ ಹೆಣಗಿ ಅದನ್ನು ನಿಲ್ಲಿಸಿದರು. ಈಗ ಅದರ ಸದ್ದೂ ಅಡಗಿದೆ.

ಚುನಾಭಟ್ಟಿ ಎಂದರೆ ಸುಣ್ಣದ ಗೂಡು. ನನ್ನ ಕಣ್ಣಿಗೆ ಗೂಡು ಬೀಳಲಿಲ್ಲ. ನಿಲ್ದಾಣದ ಫಲಕದ ಮೇಲೆ ಹೆಸರು ಮಾತ್ರ ಇತ್ತು. ನಮ್ಮ ಗಾದೆಯಲ್ಲಿ ಸುಣ್ಣಕ್ಕೆ ಮರ್ಯಾದೆಯಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎನ್ನುತ್ತೇವೆ. ಚೀನಾದಲ್ಲಿ ಹಾಗಲ್ಲ. ಮಿಂಗ್ ಕಾಲದ ಮಂತ್ರಿ ಯೂ ಚಿಯೆನ್ ಎಂಬವನ ಹೆಸರಿನಲ್ಲಿ ಸುಣ್ಣದ ಮೇಲೆ ನಾಲ್ಕು ಸಾಲಿನ ಪದ್ಯವೊಂದಿದೆಯೆಂದು ಗ್ರಂಥಾಲಯದ ಪುಸ್ತಕದಲ್ಲಿ ಓದಿದ್ದೆ. ಬೆಂಕಿಯನ್ನು ಹಾಯ್ದ ಕಲ್ಲಿನಲ್ಲಿ ಕವಿ ಕಂಡದ್ದು ಕಳಂಕವಿಲ್ಲದ ಬಾಳು.

ಪದ್ಯದಂತೆಯೇ ಅವನು ಬಾಳಿದ. 1449ರಲ್ಲಿ ಚಕ್ರವರ್ತಿ ಮಂಗೋಲರಿಗೆ ಸೆರೆಸಿಕ್ಕಾಗ, ರಾಜಧಾನಿಯನ್ನು ಬಿಟ್ಟು ಹೋಗೋಣವೆಂದವರನ್ನು ತಡೆದು ಪೀಕಿಂಗನ್ನು ಕಾಪಾಡಿದ. 1457ರಲ್ಲಿ ಅದೇ ಚಕ್ರವರ್ತಿ ಮರಳಿ ಪಟ್ಟವೇರಿದಾಗ ದ್ರೋಹದ ಆರೋಪ ಹೊರಿಸಿ ಅವನನ್ನು ಕೊಲ್ಲಿಸಲಾಯಿತು. ಮನೆ ಜಪ್ತಿಗೆ ಹೋದವರಿಗೆ ಹಣ ಸಿಗಲಿಲ್ಲ. ಭದ್ರವಾಗಿ ಬೀಗ ಹಾಕಿದ್ದ ಕೋಣೆಯೊಂದನ್ನು ತೆರೆದರೆ, ದೊರೆ ಕೊಟ್ಟಿದ್ದ ಉಡುಪು, ಕತ್ತಿಗಳು ಮಾತ್ರ ಇದ್ದವಂತೆ. ಅಲ್ಲಿಯ ಶಾಲಾಮಕ್ಕಳು ಇಂದಿಗೂ ಆ ಪದ್ಯವನ್ನು ಕಲಿಯುತ್ತಾರೆ.

ಆ ಬೀಗದ ನೆನಪಿನೊಡನೆ ನನ್ನ ಕಪಾಟಿನ ಬೀಗವೂ ನೆನಪಾಯಿತು, ಹಿಂದೆಯೇ ತೀರ್ಥರೂಪರು. ದಕ್ಷಿಣ ಕನ್ನಡದಿಂದ ಬಂದು ಕುರ್ಲಾದ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತವರು. ರಾತ್ರಿಯ ಲೆಕ್ಕದಲ್ಲಿ ಎಂಟಾಣೆ ಕಡಿಮೆಯಾದರೆ ಕೈಯಿಂದ ತುಂಬುತ್ತಿದ್ದರು. ಹೆಚ್ಚಾದರೆ ಯಾರದೆಂದು ಹುಡುಕುತ್ತಿದ್ದರು. ನಮಗೆ ಉಪದೇಶ ಮಾಡಿದವರಲ್ಲ. ಅವರು ಬಿಟ್ಟು ಹೋದ ಆಸ್ತಿಯೆಂದರೆ ವೀಳ್ಯಕ್ಕೆಂದು ಊರಿನ ಚಿಪ್ಪುಸುಣ್ಣ ತುಂಬಿಡುತ್ತಿದ್ದ ಪುಟ್ಟ ಹಿತ್ತಾಳೆ ಡಬ್ಬಿ. ಅದರ ಅಂಚಿನಲ್ಲಿ ಬಿಳುಪು ಇನ್ನೂ ಅಂಟಿಕೊಂಡಿದೆ.

ಮರುದಿನ ಲಕೋಟೆಯನ್ನು ಅವರ ಕೈಗೇ ಕೊಟ್ಟೆ. ಕಡತ ತನ್ನ ಸರದಿಯಲ್ಲಿ ಹೋಯಿತು. ಫೀಸನ್ನು ಎರಡು ಕಂತಿನಲ್ಲಿ ಕಟ್ಟಿದ್ದಾಯಿತು.

ಕುರ್ಲಾದಲ್ಲಿ ಗಾಡಿ ಬದಲಿಸುವ ಬಂಧುಗಳು ಒಮ್ಮೆ ಚುನಾಭಟ್ಟಿಯವರೆಗೆ ನಡೆದು ಬನ್ನಿ. ನೋಡಲು ಅಲ್ಲಿ ಹೆಚ್ಚೇನಿಲ್ಲ, ಹೆಸರೊಂದಿದೆ, ಓದಿಕೊಳ್ಳಿ.