ಜಿಪಿಯು ಸೊನ್ನೆಯಿಂದ ಒಂದಕ್ಕೆ

ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಆಟ ಶುರುವಾಗುವ ಮೊದಲೇ ನನಗೆ ಅರ್ಧ ಸುಖ ಸಿಕ್ಕಿರುತ್ತದೆ. ಚಾರ್ಜರ್ ಸಿಕ್ಕಿಸಿ, ಕೆಳಗೆ ಗಾಳಿಯಾಡುವಂತೆ ಹಿಂಬದಿಯನ್ನು ಸ್ವಲ್ಪ ಎತ್ತಿಟ್ಟು, ಇಂಟಿಗ್ರೇಟೆಡ್ ಗ್ರಾಫಿಕ್ಸ್‌ನಿಂದ ಡೆಡಿಕೇಟೆಡ್ ಗ್ರಾಫಿಕ್ಸ್‌ಗೆ ಯಂತ್ರವನ್ನು ಹೊರಳಿಸುವ ಆ ಕೆಲಸವೇ ನನಗೆ ಇಷ್ಟ.

ಇಂಥ ಲ್ಯಾಪ್‌ಟಾಪಿನೊಳಗೆ ಚಿತ್ರ ಮೂಡಿಸುವ ಜಿಪಿಯು ಸಾಮಾನ್ಯವಾಗಿ ಎರಡಿರುತ್ತವೆ. ಒಂದು ಇಂಟಿಗ್ರೇಟೆಡ್, ಪ್ರೊಸೆಸರ್ ಜೊತೆಗೇ ಬರುವಂಥದ್ದು. ಅದಕ್ಕೆ ಸ್ವಂತ ಮೆಮೊರಿ ಇಲ್ಲ, ಕಂಪ್ಯೂಟರಿನ ರ‍್ಯಾಮ್‌ನಲ್ಲೇ ಪಾಲು ಪಡೆಯುತ್ತದೆ. ಇನ್ನೊಂದು ಡೆಡಿಕೇಟೆಡ್, ಅದಕ್ಕೆ ತನ್ನದೇ ವೇಗದ ಮೆಮೊರಿ ಇದೆ. ಕರೆಂಟೂ ಹೆಚ್ಚು ಬೇಕು, ಬಿಸಿಯೂ ಹೆಚ್ಚು. ಇಮೇಲ್, ಸುದ್ದಿ, ಸಿನಿಮಾಕ್ಕೆಲ್ಲ ಮೊದಲನೆಯದೇ ಧಾರಾಳ. ಅಷ್ಟಕ್ಕೇ ದೊಡ್ಡದನ್ನು ಎಬ್ಬಿಸುವುದೆಂದರೆ ಇಬ್ಬರ ಊಟಕ್ಕೆ ಮದುವೆಮನೆಯ ಭಟ್ಟರನ್ನು ಕರೆಸಿದ ಹಾಗೆ.

ನನ್ನ ಅಕ್ಕನ ಮಗ ಹೊಸ ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದಿದ್ದ. “ಮಾಮಾ, ಇಷ್ಟು ದುಡ್ಡು ಕೊಟ್ಟು ತಗೊಂಡಿದ್ದೀನಿ, ಆಟ ಎಳೀತಾ ಇದೆ. ವಾಪಸ್ ಕೊಟ್ಟುಬಿಡ್ತೀನಿ.”

“ತಾಳೋ. ಯಾವುದು ಕೆಲಸ ಮಾಡ್ತಿದೆ ಅಂತ ಮೊದಲು ನೋಡೋಣ.”

ಆಟ ನಡೆಯುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಜಿಪಿಯು 0, ಅಂದರೆ ಸಣ್ಣದರ ಗೆರೆ ಮೇಲಿನ ಅಂಚಿಗೆ ಅಂಟಿಕೊಂಡಿತ್ತು. ದೊಡ್ಡದಾದ ಜಿಪಿಯು 1ರದು ನೆಲ ಬಿಟ್ಟು ಎದ್ದೇ ಇರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂದು ಹೋಗಿ, ಆಟವನ್ನು ಪಟ್ಟಿಗೆ ಸೇರಿಸಿ, ‘ಹೈ ಪರ್ಫಾರ್ಮೆನ್ಸ್’ ಆರಿಸಿದೆ. ಪ್ರತಿ ಪ್ರೋಗ್ರಾಮಿಗೂ ಬೇರೆಬೇರೆಯಾಗಿ ಹೀಗೆ ಹೇಳುವ ಅನುಕೂಲ ವಿಂಡೋಸ್ 10ಕ್ಕೆ 2018ರಲ್ಲಿ ಬಂತು. ನನ್ನ ಪಾಲಿಗೆ ಅದು ದೊಡ್ಡ ಉಪಕಾರ. ಆಟ ಮುಚ್ಚಿ ಮತ್ತೆ ತೆರೆದೆವು. ಫ್ಯಾನಿನ ಸದ್ದು ಏರಿತು, ಎರಡನೇ ಗೆರೆ ಸರ‍್ರನೆ ಮೇಲೆದ್ದಿತು. ಹುಡುಗ ಸ್ಟೇರಿಂಗ್ ತಿರುಗಿಸಿದ ಕೂಡಲೇ ಗಾಡಿ ತಿರುಗಿತು. ಆಮೇಲೆ ಅವನು ಮಾತೇ ಆಡಲಿಲ್ಲ.

ಆಡುತ್ತಿದ್ದುದು ‘ಯೂರೋ ಟ್ರಕ್ ಸಿಮ್ಯುಲೇಟರ್ 2’. ಜೆಕ್ ಗಣರಾಜ್ಯದ ಎಸ್‌ಸಿಎಸ್ ಸಾಫ್ಟ್‌ವೇರ್ 2012ರಲ್ಲಿ ತಂದ ಆಟ, ನನ್ನ ನೆಚ್ಚಿನದು. ಇದರಲ್ಲಿ ಜಿಪಿಯುವಿನ ಬೆವರಿಳಿಸುವುದು ಲಾರಿಯ ಕನ್ನಡಿಗಳು. ಪ್ರತಿ ಕನ್ನಡಿಗೂ ಹಿಂದಿನ ರಸ್ತೆಯನ್ನು ಬೇರೆಯಾಗಿಯೇ ಬಿಡಿಸಬೇಕು. ಸಣ್ಣ ಜಿಪಿಯುವಿನಲ್ಲಿ ಆಡುವಾಗ ಕನ್ನಡಿಯ ಗುಣಮಟ್ಟ ಇಳಿಸಿ, ಹಿಂದೆ ಬರುವ ಕಾರು ಬರೀ ಮಸುಕು ಚೌಕವಾಗುವುದನ್ನು ಒಪ್ಪಿಕೊಳ್ಳಬೇಕು. ದೊಡ್ಡದಕ್ಕೆ ಹೊರಳಿಸಿದ ಮೇಲೆ ಅದೇ ಕಾರಿನ ಹೆಡ್‌ಲೈಟು ಒದ್ದೆ ಡಾಂಬರಿನ ಮೇಲೆ ಉದ್ದಕ್ಕೆ ಚಾಚಿದ್ದು ಕಾಣುತ್ತದೆ. ಗಾಜಿನ ಮೇಲಿನ ಮಳೆಹನಿ ಲಾರಿಯ ವೇಗಕ್ಕೆ ತಕ್ಕಂತೆ ದಾರಿ ಬದಲಿಸುತ್ತದೆ.

ಹೀಗೆ ಹೊರಳಿಸುವುದಕ್ಕೆ ಒಳ್ಳೆಯ ಇತಿಹಾಸವೂ ಇದೆ. 1996ರಲ್ಲಿ ಬಂದ 3ಡಿಎಫ್‌ಎಕ್ಸ್ ವೂಡೂ ಕಾರ್ಡಿಗೆ ತ್ರೀಡಿ ಮಾತ್ರ ಗೊತ್ತಿತ್ತು. ಉಳಿದ ಕೆಲಸಕ್ಕೆ ಇನ್ನೊಂದು ಕಾರ್ಡು, ಎರಡರ ನಡುವೆ ಹೊರಗಿನಿಂದ ಒಂದು ಕೇಬಲ್ಲು. ಅದೇ ಚಿಪ್ಪಿನ ಆರ್ಕಿಡ್ ರೈಚಸ್ ಕಾರ್ಡಿನಲ್ಲಂತೂ ರಿಲೇ ಇತ್ತು, ಆಟ ತೆರೆದಾಗ ಟಕ್ಕೆನ್ನುತ್ತಿತ್ತು. 2006ರ ಸೋನಿ ವಯೋ ಎಸ್‌ಝೆಡ್ ಲ್ಯಾಪ್‌ಟಾಪಿನಲ್ಲಿ ‘ಸ್ಟ್ಯಾಮಿನಾ’, ‘ಸ್ಪೀಡ್’ ಎಂದು ಬರೆದ ನಿಜವಾದ ಸ್ವಿಚ್ಚೇ ಇತ್ತು. ಈಗಿನ ಲ್ಯಾಪ್‌ಟಾಪುಗಳಲ್ಲೂ ಅಂಥದ್ದೊಂದು ಬೇಕಿತ್ತು ಎಂಬುದು ನನ್ನ ಆಸೆ.

2010ರಲ್ಲಿ ಎನ್‌ವಿಡಿಯಾದ ಆಪ್ಟಿಮಸ್ ತಂತ್ರಜ್ಞಾನ ಬಂತು, ಸ್ವಿಚ್ಚಿನ ಕೆಲಸ ಸಾಫ್ಟ್‌ವೇರ್ ಪಾಲಾಯಿತು. ಈ ಏರ್ಪಾಡಿನಲ್ಲಿ ಪರದೆಯ ತಂತಿ ಇಂಟಿಗ್ರೇಟೆಡ್ ಕಡೆಗೇ ಇರುತ್ತದೆ. ದೊಡ್ಡ ಜಿಪಿಯು ಬಿಡಿಸಿದ ಪ್ರತಿ ಫ್ರೇಮೂ ಸಣ್ಣದರ ಮೂಲಕ ಹಾದು ಪರದೆ ಸೇರಬೇಕು. ಸೆಕೆಂಡಿಗೆ ಫ್ರೇಮುಗಳು ಹೆಚ್ಚಿದಷ್ಟೂ ಈ ಸುತ್ತುದಾರಿ ಭಾರವಾಗುತ್ತದೆ. ಮಕ್ಸ್ ಸ್ವಿಚ್ ಇರುವ ಲ್ಯಾಪ್‌ಟಾಪಾದರೆ ಪರದೆಯನ್ನೇ ನೇರವಾಗಿ ದೊಡ್ಡದಕ್ಕೆ ಜೋಡಿಸಬಹುದು. ಅನೇಕ ಮಾಡೆಲುಗಳಲ್ಲಿ ಒಮ್ಮೆ ರೀಸ್ಟಾರ್ಟ್ ಮಾಡಬೇಕು, ಅಷ್ಟೇ. ಕೊಳ್ಳುವವರು ಕೇಳಿದರೆ, ಬಣ್ಣದ ಕೀಬೋರ್ಡ್ ದೀಪ ಬಿಡಿ, ಮಕ್ಸ್ ಇದೆಯೇ ನೋಡಿ ಎನ್ನುತ್ತೇನೆ.

ವಾಪಸ್ ಹೊರಳಿಸುವುದರಲ್ಲೂ ಅಷ್ಟೇ ಅಚ್ಚುಕಟ್ಟು ಬೇಕು. ಹುಬ್ಬಳ್ಳಿ ರೈಲು ಹತ್ತುವ ಮೊದಲು ಪರದೆ ಮತ್ತೆ ಸಣ್ಣದಕ್ಕೆ ಜೋಡಿಯಾಗುವ ಹೈಬ್ರಿಡ್ ಮೋಡ್‌ಗೆ ತರುತ್ತೇನೆ. ದೊಡ್ಡದು ನಿಜವಾಗಿ ಮಲಗಿದೆಯೇ ಎಂದು ಎನ್‌ವಿಡಿಯಾದ ಪುಟ್ಟ ಐಕಾನ್ ನೋಡಿಕೊಳ್ಳುತ್ತೇನೆ. ಅದರಲ್ಲಿ ಬಣ್ಣ ಕಂಡರೆ ಯಾವುದೋ ಪ್ರೋಗ್ರಾಮು ಅದನ್ನು ಎಬ್ಬಿಸಿ ಕೂರಿಸಿದೆ ಎಂದರ್ಥ. ಹುಡುಕಿ ಮುಚ್ಚಿದರೆ ಬ್ಯಾಟರಿ ಉಳಿಯುತ್ತದೆ.

ಅಕ್ಕನ ಮಗ ಈಗ ತನ್ನದೇ ಪಟ್ಟಿ ಮಾಡಿಕೊಂಡಿದ್ದಾನೆ. ಲಾರಿ ಆಟ, ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರ್ ಎರಡೂ ಜಿಪಿಯು 1ಕ್ಕೆ. ಬ್ರೌಸರನ್ನೂ ಅಲ್ಲಿಗೇ ಹಾಕಬೇಕೆಂದು ಅವನ ವಾದ. ಕೂಡದು ಎಂದು ನನ್ನದು.