ಕಾವಿಗೆ ಕಾರಣ

ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಕಾರಣಗಳಿಗೇನೂ ಬರವಿಲ್ಲ. 1857ರ ದಂಗೆಗೆ ರಾಜಕೀಯ ಕಾರಣ, ಆರ್ಥಿಕ ಕಾರಣ, ಧಾರ್ಮಿಕ ಕಾರಣ, ಕೊನೆಗೆ ಕೊಬ್ಬು ಸವರಿದ ತೋಟಾ ಎಂಬ ತತ್‌ಕ್ಷಣದ ಕಾರಣ, ಎಲ್ಲವನ್ನೂ ಉಸಿರು ಬಿಡದೆ ಒಪ್ಪಿಸಬಲ್ಲೆವು. ಆದರೆ ಕಾರಣವನ್ನು ಒಪ್ಪಿಸುವುದು ಬೇರೆ, ಹುಡುಕುವುದು ಬೇರೆ. ಇದನ್ನು ನಾನು ಕಲಿತದ್ದು ಹೋದ ಏಪ್ರಿಲ್ ತಿಂಗಳಲ್ಲಿ, ನಮ್ಮ ತಂದೆಯವರ ಗ್ಯಾರೇಜಿನಲ್ಲಿ.

ಗ್ಯಾರೇಜೆಂದರೆ ದೊಡ್ಡದೇನೂ ಅಲ್ಲ. ಶಿರಾದ ಹೊರಗೆ ಹೆದ್ದಾರಿಯ ಮಗ್ಗುಲಲ್ಲಿ ನಾಲ್ಕು ಕಂಬ, ಮೇಲೆ ತಗಡು, ಪಕ್ಕದಲ್ಲಿ ಒಂದು ಹುಣಿಸೆಯ ಮರ. ತಂದೆಯವರು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇದು ಹೆಮ್ಮೆಯ ಮಾತೇ ಸರಿ. ಆ ಹೆಮ್ಮೆ ತಲೆಗೇರಿದಾಗ ಏನಾಯಿತೆಂಬುದನ್ನು ಹೇಳುತ್ತೇನೆ.

ಅಂದು ಮಧ್ಯಾಹ್ನ ತಂದೆಯವರು ಬಿಡಿಭಾಗ ತರಲು ಪೇಟೆಗೆ ಹೋಗಿದ್ದರು. ಒಂದು ಕಾರು ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಬಿಸಿಲಿಗೆ ಬಾಡಿ ಒರಗಿದ್ದರು. ಕಾರಿನ ಯಜಮಾನರು ಬೆವರು ಒರೆಸಿಕೊಳ್ಳುತ್ತ, "ಏಸಿ ಬಿಸಿಗಾಳಿ ಬಿಡ್ತಿದೆ. ಎಂಜಿನ್ ಕಾವಿನ ಮುಳ್ಳೂ ಮೇಲಕ್ಕೆ ಹೋಗಿದೆ" ಎಂದರು. ನಾನು ಕ್ಷಣವೂ ಯೋಚಿಸಲಿಲ್ಲ. "ಏಸಿಗೆ ಗ್ಯಾಸು ಮುಗಿದಿದೆ ಸಾರ್, ಎಂಜಿನ್ನಿಗೆ ನೀರು ಸಾಲದು" ಎಂದು ತೀರ್ಪು ಕೊಟ್ಟೆ. ಎರಡು ರೋಗ, ಎರಡು ಔಷಧ! ಗ್ಯಾಸಿಗೆಂದು 2,000 ರೂಪಾಯಿ ಮುಂಗಡವನ್ನೂ ತೆಗೆದುಕೊಂಡೆ. ನಿಜ ಹೇಳುತ್ತೇನೆ: ಆ ವಾರವೇ ಪರೀಕ್ಷೆಯ ಶುಲ್ಕ ಕಟ್ಟಬೇಕಾಗಿತ್ತು. ನೋಟು ಜೇಬಿಗೆ ಬಿದ್ದಾಗ ನೆನಪಾದದ್ದು ಅದೇ.

ಬಟ್ಟೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದೆನೋ ಇಲ್ಲವೋ, "ಲೋ, ಕೈ ತೆಗಿ!" ಎಂಬ ಕೂಗು ಕೇಳಿತು. ತಂದೆಯವರು ಬಂದಿದ್ದರು. ಬೈಯಲಿಲ್ಲ, ತೋಳು ಮೇಲೇರಿಸಿ ಸುಟ್ಟ ಕಲೆಯನ್ನು ತೋರಿಸಿದರು. ಹುಡುಗನಾಗಿದ್ದಾಗ ಬಿಸಿ ಮುಚ್ಚಳ ತೆರೆದುದರ ಗುರುತಂತೆ. ಒಳಗಿನ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲವಾದೊಡನೆ ಉಕ್ಕಿ ಮೈಮೇಲೆ ಹಾರುತ್ತದೆ. ಆ ಕಲೆಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಹೇಗಾಯಿತೆಂದು ಒಮ್ಮೆಯೂ ಕೇಳಿರಲಿಲ್ಲ.

ಆಮೇಲೆ ಅವರು ಯಜಮಾನರನ್ನು ಕೇಳಿದರು: "ರಸ್ತೇಲಿ ಜೋರಾಗಿ ಬರೋವಾಗ ತಂಪು ಇತ್ತಾ ಸಾರ್?"

"ಇತ್ತು. ಟೋಲ್ ಗೇಟಿನಲ್ಲಿ ಸಾಲಾಗಿ ನಿಂತ ಮೇಲೆ ಕೆಟ್ಟಿತು."

"ಮುಳ್ಳು?"

"ಅದೂ ಅಲ್ಲೇ ಏರಿತು."

ಕೇಳಿದ್ದು ಎರಡೇ ಪ್ರಶ್ನೆ. ಗ್ಯಾಸು ಮುಗಿದಿದ್ದರೆ ದಾರಿಯಲ್ಲೂ ತಂಪು ಬರುತ್ತಿರಲಿಲ್ಲ. ನೀರು ಸೋರಿದ್ದರೆ ದಾರಿಯಲ್ಲೂ ಮುಳ್ಳು ಏರಬೇಕಿತ್ತು. ಏಸಿಯ ಕಾವನ್ನು ಹೊರಹಾಕುವ ಕಂಡೆನ್ಸರ್ ಇರುವುದು ರೇಡಿಯೇಟರಿನ ಮುಂದೆಯೇ. ಆ ಕಾರಿನಲ್ಲಿ ಎರಡಕ್ಕೂ ಗಾಳಿ ಎಳೆಯುವುದು ಒಂದೇ ಫ್ಯಾನು. ಕಾರು ಓಡುವಾಗ ಎದುರುಗಾಳಿಯೇ ಸಾಕು. ನಿಂತಾಗ ಫ್ಯಾನೇ ಗತಿ.

ಅರ್ಧ ಗಂಟೆ ಆರಲು ಬಿಟ್ಟು ನೋಡಿದರೆ ನೀರು ತುಂಬಿಯೇ ಇತ್ತು. ಎಂಜಿನ್ ನಡೆಸಿ ಏಸಿ ಹಾಕಿದರು; ಫ್ಯಾನು ತಿರುಗಲಿಲ್ಲ. ಬ್ಯಾಟರಿಯಿಂದ ನೇರ ತಂತಿ ಕೊಟ್ಟರು, ತಿರುಗಿತು. ಹಾಗಾದರೆ ಮೋಟಾರು ಕೆಟ್ಟಿಲ್ಲ. ಫ್ಯೂಸೂ ಸರಿಯಿತ್ತು. ಹಾರ್ನಿನ ರಿಲೇಯೂ ಅದೇ ಜಾತಿಯದು. ಅದನ್ನು ಕಿತ್ತು ಫ್ಯಾನಿನ ರಿಲೇ ಇದ್ದಲ್ಲಿ ಕೂರಿಸಿದರು. ಫ್ಯಾನು ಭರ್ರೆಂದು ತಿರುಗಿತು. ಸ್ವಲ್ಪ ಹೊತ್ತಿನಲ್ಲೇ ಒಳಗಿನಿಂದ ಅಜ್ಜಿಯ ದನಿ ಬಂತು: "ತಂಪಾಯ್ತು ಕಣಪ್ಪ."

ಹೊಸ ರಿಲೇ, ಕೂಲಿ ಎಲ್ಲ ಸೇರಿ 350 ರೂಪಾಯಿ. ಮಿಕ್ಕ 1,650 ನನ್ನ ಜೇಬಿನಲ್ಲಿತ್ತು. "ನೀನೇ ಕೊಡು. ನೀನು ಹೇಳಿದ್ದು ತಪ್ಪು ಅಂತಾನೂ ನೀನೇ ಹೇಳು" ಎಂದರು ತಂದೆಯವರು. ಹಣ ಕೊಡುವುದು ಸುಲಭವಾಗಿತ್ತು. "ಗ್ಯಾಸು ಮುಗಿದಿರಲಿಲ್ಲ ಸಾರ್, ನೋಡದೇ ಹೇಳಿಬಿಟ್ಟೆ" ಎನ್ನುವಷ್ಟರಲ್ಲಿ ನಾಲಿಗೆ ಒಣಗಿತು. ಅವರು ನನ್ನ ಬೆನ್ನು ತಟ್ಟಿ, "ಏನು ಓದ್ತಿದ್ದೀಯ?" ಎಂದರು. ಬಿ.ಎ. ಎನ್ನಲು ಅಂದು ನಾಚಿಕೆಯಾಯಿತು.

ಶುಲ್ಕವನ್ನು ದಂಡಸಹಿತ ತಡವಾಗಿ ಕಟ್ಟಿದೆ. ತಂದೆಯವರು ಎಣಿಸಿಕೊಟ್ಟ ನೋಟುಗಳಿಗೆ ಗ್ರೀಸಿನ ವಾಸನೆಯಿತ್ತು. ಪರೀಕ್ಷೆಯಲ್ಲಿ 1857ರ ಪ್ರಶ್ನೆಯೇ ಬಂದಿತು. ತೋಟಾ ಎಂದು ಬರೆಯಹೊರಟ ಲೇಖನಿ ಒಂದು ನಿಮಿಷ ನಿಂತಿತು. ಮುಳ್ಳು ಏರಿದ್ದು ಅಲ್ಲಿ, ಸರಿ; ಕೆಟ್ಟದ್ದು ಎಲ್ಲಿ? ಇಷ್ಟು ದಿನ ಬಾಯಿಪಾಠ ಮಾಡಿದ್ದ ಪ್ರಶ್ನೆಯನ್ನು ಅಂದು ಮೊದಲ ಸಲ ಓದಿದೆ.