ಆನೆಯ ತೋಟಾ, ಜಿಂಕೆಯ ಮೈ

ಬ್ಯಾರನ್ನಿಗೆ ಸೌದೆ ತುಂಬಿದ್ದಾಯ್ತು. ಇನ್ನು ಬೆಳಗಿನವರೆಗೆ ಹೊಗೆಸೊಪ್ಪಿನ ಶಾಖ ನೋಡಿಕೊಂಡು ಬೆಂಕಿ ಮುಂದೆ ಕೂರುವುದೊಂದೇ ಕೆಲಸ. ಹುಡುಗರು ಮೊಬೈಲಿನಲ್ಲಿ ಯಾವುದೋ ದೇಶದವರ ಜಿಂಕೆ ಬೇಟೆ ನೋಡುತ್ತಿದ್ದವರು, "ತಾತ, ಜಿಂಕೆಗೆ ಯಾವ ರೈಫಲ್ ಸರಿ?" ಅಂತ ಕೇಳಿದ್ದಕ್ಕೆ ಈ ಕಥೆ.

ಅರವತ್ತರ ದಶಕದ ಕೊನೆ. ಪರವಾನಗಿ ಇದ್ದವರು ಬೇಟೆಯಾಡಬಹುದಿದ್ದ ಕಾಲ. ನಮ್ಮ ಕಟ್ಟೆಮಳಲವಾಡಿ ಲಕ್ಷ್ಮಣತೀರ್ಥ ಹೊಳೆಯ ಕಟ್ಟೆ ನೀರಿನ ಊರು, ಜಿಂಕೆ ಕಾಟ ಅಷ್ಟಿರಲಿಲ್ಲ. ಕಾಟವೆಲ್ಲ ವೀರನಹೊಸಹಳ್ಳಿ ಕಡೆ ಕಾಡಂಚಿನಲ್ಲಿದ್ದ ದೊಡ್ಡಪ್ಪನ ಹುರುಳಿ ಹೊಲಕ್ಕೆ.

ದೊಡ್ಡಪ್ಪನ ಹತ್ತಿರ ಎರಡು ಕೋವಿಗಳಿದ್ದವು. ಒಂದು ಹನ್ನೆರಡು ಬೋರಿನ ಜೋಡುನಳಿಗೆ. ಅದಕ್ಕೆ ದಪ್ಪ ಚರೆಯ ಎಲ್.ಜಿ. ತೋಟಾ ಹಾಕಿದರೆ ಮೂವತ್ತು ಗಜದೊಳಗೆ ಸರಿ; ಅದರಾಚೆ ಚರೆ ಚದುರಿ ಒಂದು ತೊಡೆಗೆ, ಒಂದು ಹೊಟ್ಟೆಗೆ ಬಿದ್ದು ಪ್ರಾಣಿ ನರಳುತ್ತೆ. ಇನ್ನೊಂದು ಇಶಾಪುರ ಕಾರ್ಖಾನೆಯ .315 ರೈಫಲ್. ಸೈನ್ಯದ .303 ಜನರ ಕೈಗೆ ಕೊಡುವಂತಿರಲಿಲ್ಲ, ಅದಕ್ಕೇ ಸರ್ಕಾರ ಇದನ್ನು ಮಾಡಿ ಮಾರುತ್ತಿತ್ತು. ಸುಮಾರು 16 ಗ್ರಾಂ ತೂಕದ ಗುಂಡು, ಮೂತಿಯಲ್ಲಿ ಸೀಸ ಬಿಟ್ಟ ಸಾಫ್ಟ್ ನೋಸ್. ವೇಗ ಕಡಿಮೆ, ದೂರ ಹೋದರೆ ಇಳಿದುಬಿಡುತ್ತೆ. ಆದರೆ ನೂರು ಗಜದೊಳಗೆ ಜಿಂಕೆಗಿರಲಿ, ಕಡವೆಗೂ ಸಾಕು.

ಆ ಧನುರ್ಮಾಸದಲ್ಲಿ ಅಮ್ಮತ್ತಿ ಕಡೆಯ ಕಾಫಿ ತೋಟದ ಸ್ನೇಹಿತರೊಬ್ಬರು ಬಂದರು. ಕೈಯಲ್ಲಿ .375 ಮ್ಯಾಗ್ನಮ್. 1912ರಲ್ಲಿ ಬಂದ ಕ್ಯಾಲಿಬರ್, ಆನೆ, ಕಾಟಿಗೂ ನಡೆಯುವಂಥದ್ದು. ಅವರ ಬಳಿ ಇದ್ದದ್ದೆಲ್ಲ ಸಾಲಿಡ್ ತೋಟಾ. ಆನೆಯ ತಲೆಬುರುಡೆ ತೂರಲೆಂದು ಗುಂಡಿಗೆ ಪೂರ್ತಿ ಗಟ್ಟಿ ಕವಚ ತೊಡಿಸಿರುತ್ತಾರೆ. ಎಲ್ಲಿ ತಾಗಿದರೂ ಅರಳುವುದಿಲ್ಲ.

"ನನ್ನ .315 ತಗೊಳ್ಳಿ," ಅಂದರು ದೊಡ್ಡಪ್ಪ.

"ಆನೆ ಬೀಳಿಸೋ ರೈಫಲ್ಲು ಜಿಂಕೆ ಬೀಳಿಸಲ್ವಾ ಗೌಡ್ರೆ?"

ಹೊತ್ತು ಇಳಿಯುವ ಮುಂಚೆ ಹಿಂಡು ಹುರುಳಿಗೆ ಇಳಿಯಿತು. ದೊಡ್ಡ ಕೊಂಬಿನ ಗಂಡು ಅಡ್ಡಲಾಗಿ ನಿಂತಿತ್ತು, ಎಂಬತ್ತು ಗಜವಿದ್ದೀತು. ಈಡು ಸಿಡಿದು ಕಿವಿ ಗುಂಯ್ ಅಂತು. ಜಿಂಕೆ ಬೀಳಲಿಲ್ಲ, ಕುಂಟಲೂ ಇಲ್ಲ. ಹಿಂಡಿನ ಜೊತೆ ಕಾಡಿಗೆ ನುಗ್ಗಿತು. ಎಲ್ಲರೂ "ತಪ್ಪಿತು" ಅಂದರು, ಹಾಡಿಯಿಂದ ಜೊತೆಗೆ ಬಂದಿದ್ದ ಜೇನುಕುರುಬರ ಅಜ್ಜ ಒಬ್ಬನನ್ನು ಬಿಟ್ಟು. ಆತ ಹೋಗಿ ಬಗ್ಗಿ ನೋಡಿ, ಕತ್ತರಿಸಿದ ನಾಲ್ಕು ಕೂದಲು, ಒಂದೆರಡು ಹನಿ ತೋರಿಸಿದ. ನೊರೆ ರಕ್ತವಾದರೆ ಪುಪ್ಪುಸಕ್ಕೆ ಬಿದ್ದದ್ದು, ದೂರ ಹೋಗಲ್ಲ. ಇದು ಕಪ್ಪಗಿತ್ತು, ಹಸಿರು ರಸ ಸೇರಿತ್ತು.

"ಹೊಟ್ಟೆಗೆ ಬಿದ್ದದೆ ಬುದ್ಧಿ. ಈಗ ಅಟ್ಟುದ್ರೆ ಇಡೀ ಕಾಡು ಸುತ್ತುಸ್ತದೆ."

ಕತ್ತಲಾಯಿತು. ಬೆಳಗ್ಗೆ ಜಾಡು ಹಿಡಿದು ಹೋದಾಗ ತೊರೆಯ ಪಕ್ಕ ಸೀಳುನಾಯಿಗಳು ಮುಕ್ಕಾಲು ಮುಗಿಸಿದ್ದವು. ಉಳಿದಿದ್ದ ಪಕ್ಕೆಯ ಚರ್ಮದಲ್ಲಿ ಗುಂಡು ಹೊಕ್ಕ ತೂತಿತ್ತು, ಕಿರುಬೆರಳೂ ಸರಿಯಾಗಿ ತೂರುತ್ತಿರಲಿಲ್ಲ. ಅತಿಥಿಗಳು ಬಹಳ ಹೊತ್ತು ಮಾತಾಡಲಿಲ್ಲ. ಗುರಿ ಒಂದು ಗೇಣು ಹಿಂದೆ ಹೋಗಿತ್ತು, ನಿಜ. ಆದರೆ ಅರಳುವ ಗುಂಡಾಗಿದ್ದರೆ ಅಷ್ಟು ತಪ್ಪಿದರೂ ಅದು ಅಷ್ಟು ದೂರ, ಅಷ್ಟು ಹೊತ್ತು ಒದ್ದಾಡುತ್ತಿರಲಿಲ್ಲ ಅಂತ ದೊಡ್ಡಪ್ಪ ಸಾಯುವವರೆಗೂ ಹೇಳುತ್ತಿದ್ದರು.

ಹುಲಿ ಬೇಟೆಯ ಜಿಮ್ ಕಾರ್ಬೆಟ್ ಎಷ್ಟೋ ಸಲ ಹೊತ್ತು ತಿರುಗಿದ್ದು .275 ರಿಗ್ಬಿ, ಈ .375ರ ಮುಂದೆ ಅದು ಸಣ್ಣದು. ಎಂಬತ್ತು ಕಿಲೋ ಜಿಂಕೆಗೆ ದೊಡ್ಡ ಬೋರ್ ಬೇಕಿಲ್ಲ. ಮೂಳೆಗೆ ಬಡಿದು ಪುಡಿಯಾಗದ, ಒಳಗೆ ಹೋಗಿ ಅರಳುವ ಮಧ್ಯಮ ತೂಕದ ಗುಂಡು ಮುಂಗಾಲಿನ ಹಿಂದೆ ಬಿದ್ದರೆ ಮುಗಿಯಿತು. ಅದೂ ಹತ್ತಿರದಿಂದ. ನೀವು ಮೊಬೈಲಿನಲ್ಲಿ ನೋಡಿದ ಆ ದೇಶದವರಿಗೂ ಇದೇ ಉತ್ತರ.

ನಿಮಗೆ ಈ ಉತ್ತರದಿಂದ ಉಪಯೋಗವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಆ ಬೇಟೆ ನಿಷಿದ್ಧ, ನಿಂತದ್ದೇ ಒಳ್ಳೆಯದಾಯ್ತು. ಹುರುಳಿಗೆ ಜಿಂಕೆ ಬಿದ್ದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ, ಕೋವಿ ಮುಟ್ಟಬೇಡಿ ಕಣ್ರಪ್ಪ.